ಉಂಡು ಎದ್ದು ಹೋದವನು

ಗುಲ್ಬರ್ಗಾದ ಜಿಲ್ಲಾ ಕೋರ್ಟಿನ ವರಾಂಡದಲ್ಲಿ ದೌಲತರಾಯನನ್ನು ಮತ್ತೆ ಕಂಡಾಗ ನನಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ ಬಂದದ್ದೂ ಸಿಟ್ಟೇ. ಇಸ್ತ್ರಿ ಮಾಡಿದ ಬಿಳಿ ಅಂಗಿ, ನೀಟಾಗಿ ಬಾಚಿದ ಕ್ರಾಪು. ಹೆಣ್ಣು ನೋಡಲು ಬಂದವನ ಹಾಗೆ ಕಂಪನಿಯ ವಕೀಲರ ಪಕ್ಕದಲ್ಲಿ ಕೈಕಟ್ಟಿಕೊಂಡು ನಿಂತಿದ್ದ. ನಮ್ಮೂರಿನ ಹೊಳೆ ದಂಡೆಯನ್ನು ಹೂಳಲು ಹೊರಟವರ ಸಾಕ್ಷಿ ಅವನು. ಅಂಥವನು ಇಷ್ಟು ಚೆಂದ ಕಾಣಬಾರದು, ಅಷ್ಟೇ ನಾನು ಹೇಳುವುದು.

ಅವನು ನನ್ನ ಕರಿ ಕೋಟು ನೋಡಿದ, ಬಿಳಿ ಕಾಲರು ನೋಡಿದ, ಕಣ್ಣಿಗೆ ಕಣ್ಣು ಸೇರುವ ಹೊತ್ತಿಗೆ ನೆಲ ನೋಡಿದ. ವಕೀಲರು ಆಚೆ ಹೋದದ್ದೇ ತಡ, ಹತ್ತಿರ ಬಂದ.

"ಮಹಾನಂದಾ, ಒಂದ ಮಾತು."

"ಒಂದೂ ಬ್ಯಾಡ. ಮಾತಾಡೋ ದಿನ ಸುಮ್ಮ ಕುಂತಿದ್ದಿ. ಇವತ್ತೂ ಸುಮ್ಮ ಕೂಡು."

"ಇವತ್ತ ನಾ ಖರೇ ಹೇಳ್ತೇನಿ."

"ಇವತ್ತ? ಮುಹೂರ್ತ ತಗಸಿ ಬಂದಿ ಏನು?"

ಇವನು ಯಾರು, ನನಗೆ ಇಷ್ಟೇಕೆ ಸಿಟ್ಟು ಅಂತ ನೀವು ಕೇಳಬಹುದು. ಹೇಳುತ್ತೇನೆ.

ನಮ್ಮೂರು ಘತ್ತರಗಿಯಿಂದ ಸ್ವಲ್ಪ ಆಚೆ, ಭೀಮಾ ಹೊಳೆಯ ದಂಡೆಯ ಮೇಲಿದೆ. ಊರ ಮುಂದೆ ಹೊಳೆಗೆ ಹೊಂದಿಕೊಂಡು ಒಂದು ದೊಡ್ಡ ತಗ್ಗು ನೆಲವಿದೆ. ಮಳೆಗಾಲದಲ್ಲಿ ಹೊಳೆ ಉಕ್ಕಿ ಬಂದರೆ ಅಲ್ಲಿ ಕಾಲು ಚಾಚಿ ಮಲಗುತ್ತದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಮೇಲೆ ನಾವು ಅಲ್ಲಿ ಕಲ್ಲಂಗಡಿ, ಸೌತೆ ಹಚ್ಚುತ್ತೇವೆ. ಒಂದು ಕಂಪನಿಗೆ ಆ ನೆಲ ಬೇಕಾಯಿತು. ಟಿಪ್ಪರುಗಟ್ಟಲೆ ಮುರುಂ ಮಣ್ಣು ಸುರಿದು, ತಗ್ಗು ತುಂಬಿ, ಗೋಡೆ ಕಟ್ಟಿ, ಹೊಳೆಯ ಕೈಯಿಂದ ನೆಲ ಕಸಿದು ಅದರ ಮೇಲೆ ಕಾರ್ಖಾನೆ ಮತ್ತು ಕಾಲೊನಿ ಕಟ್ಟುತ್ತಾರಂತೆ. ಅದಕ್ಕೆ ಪರಿಸರದ ಅನುಮತಿ ಬೇಕಿತ್ತು. ಅನುಮತಿಗೆ ರಿಪೋರ್ಟು ಬೇಕಿತ್ತು. ರಿಪೋರ್ಟು ತಯಾರಿಸುವ ಸಂಸ್ಥೆಯವರು ಅಳತೆಗೆಂದು ಕಳಿಸಿದ್ದು ಈ ದೌಲತರಾಯನನ್ನು. ಆಳಂದ ತಾಲೂಕಿನ ಹಿರೋಳ್ಳಿಯವನು, ಸೊಲ್ಲಾಪುರದಲ್ಲಿ ಓದಿದವನು, ಅರ್ಧ ಮರಾಠಿ ಮಾತಾಡುವವನು. ತೊಂಬತ್ತೇಳನೆಯ ಇಸವಿಯ ಬೇಸಿಗೆ ಅದು.

ನಾನು ಅಫಜಲಪುರ ಕೋರ್ಟಿನಲ್ಲಿ ದೇವೀಂದ್ರಪ್ಪ ವಕೀಲರ ಜೂನಿಯರು. ಆವತ್ತು ರವಿವಾರ, ಮನೆಯಲ್ಲಿದ್ದೆ. ಅಪ್ಪನಿಗೆ ಬುತ್ತಿ ಕೊಡಲು ಹೊಳೆಗೆ ಹೋದರೆ, ಯಾರೋ ಟೊಪ್ಪಿಗೆ ಹಾಕಿಕೊಂಡವನು ನಮ್ಮ ಕಲ್ಲಂಗಡಿ ಬಳ್ಳಿಯ ನಡುವೆ ಅಳತೆಯ ಕೋಲು ನಿಲ್ಲಿಸಿಕೊಂಡು ನಿಂತಿದ್ದಾನೆ.

"ಯಾರ್ರಿ ನೀವು? ಬಳ್ಳಿ ತುಳಿಯಾಕತ್ತೀರಿ. ಕಣ್ಣ ಕಾಣಂಗಿಲ್ಲೇನು?"

ಅವನು ತಿರುಗಿ ನೋಡಿದ. ನಿಧಾನಕ್ಕೆ ಟೊಪ್ಪಿಗೆ ತೆಗೆದ.

"ಕಾಣ್ತಾವ್ರಿ. ಈಗಂತೂ ಬರೋಬ್ಬರಿ ಕಾಣಾಕತ್ತಾವ."

"ಬಾಯಿ ಭಾಳ ಅದಲ್ಲ!"

"ಬಾಯಿ ಒಣಗೇದ್ರಿ. ಒಂದ ಹಣ್ಣು ಕೊಟ್ರ ಸುಮ್ಮಾಗ್ತೇನಿ."

ಹಣ್ಣು ಕೊಟ್ಟೆ. ಸುಮ್ಮನಾಗಲಿಲ್ಲ. ಆ ಬೇಸಿಗೆಯಿಡೀ ಸುಮ್ಮನಾಗಲಿಲ್ಲ ಅವನು. ಊರ ಶಾಲೆಯ ಕೋಣೆಯಲ್ಲಿ ಬಿಡಾರ ಹೂಡಿದ್ದ. ನಾನು ಸಂಜೆ ಬಸ್ಸಿಳಿದು ಬರುವ ದಾರಿಯಲ್ಲೇ ಅವನ ಅಳತೆ ಬಂದು ನಿಲ್ಲುತ್ತಿತ್ತು. "ಹೊಳಿ ಈ ಕಡಿಗೆ ಅದ, ನೀವು ರಸ್ತಾ ಅಳೀಲಾಕತ್ತೀರಿ" ಅಂದರೆ, "ಪ್ರವಾಹ ಬಂದ್ರ ಎಲ್ಲಿ ತನಕ ಬರ್ತದ ನೋಡಬೇಕಲ್ರಿ" ಅನ್ನುತ್ತಿದ್ದ. ಅನ್ನುವಾಗ ಎಡಗಣ್ಣಿನ ಅಂಚಿನಲ್ಲಿ ಒಂದು ನಗು ಮೂಡುತ್ತಿತ್ತು, ತುಟಿಗೆ ಬರುತ್ತಿರಲಿಲ್ಲ. ಆ ನಗು ತುಟಿಗೆ ಬರಲಿ ಅಂತ ನಾನು ಎರಡು ಮಾತು ಹೆಚ್ಚೇ ಆಡುತ್ತಿದ್ದೆ. ಮನೆಗೆ ಹೋಗಿ ಕನ್ನಡಿ ನೋಡಿಕೊಳ್ಳುತ್ತಿದ್ದೆ. ನನ್ನಂಥವಳು!

ಒಂದು ದಿನ ಅವನ ಮುಖದಲ್ಲಿ ನಗು ಇರಲಿಲ್ಲ. ಕೆಳಗೇರಿಯ ಕಡೆ ಕೈ ಮಾಡಿ ಹೇಳಿದ: "ಈ ತಗ್ಗು ತುಂಬಿಬಿಟ್ರ ಹೊಳಿ ಎಲ್ಲಿಗೆ ಹೋಗಬೇಕು? ಸೀದಾ ಆ ಓಣಿಗೇ ನುಗ್ತದ. ನಾ ರಿಪೋರ್ಟಿನ್ಯಾಗ ಬರದೇನಿ."

ಕೆಳಗೇರಿಯಲ್ಲಿ ನನ್ನ ಗೆಳತಿ ಮುಮತಾಜಳ ಮನೆ. ಅವಳ ಇಬ್ಬರು ಸಣ್ಣ ಮಕ್ಕಳು, ಹಾಸಿಗೆ ಹಿಡಿದ ಅತ್ತೆ. ಈಗಲೇ ದೊಡ್ಡ ಮಳೆಗೆ ಅವಳ ಹೊಸ್ತಿಲ ತನಕ ನೀರು ಬರುತ್ತದೆ.

"ಖರೇ ಬರದೀರಿ?"

"ಖರೇ ಬರದೇನಿ. ನಿಮ್ಮ ಮುಂದ ಸುಳ್ಳ ಹೇಳಿದ್ರ ನನ್ನ ಬಾಯಾಗ ಹುಳಾ ಬೀಳ್ಲಿ."

ಅವನು ಒಳ್ಳೆಯವನು ಅಂತ ಆವತ್ತು ತೀರ್ಮಾನಿಸಿದೆ. ಅವನನ್ನೇ ಮದುವೆಯಾಗುವುದು ಅಂತಲೂ ತೀರ್ಮಾನಿಸಿದೆ. ಅವನಿಗೆ ಮಾತ್ರ ಹೇಳಲಿಲ್ಲ.

ದೀಪಾವಳಿ ಮುಗಿದ ಮೇಲೆ ಸರಕಾರದ ಸಾಹೇಬರು ಬಂದರು, ಜೊತೆಗೆ ಕಂಪನಿಯವರು, ದೌಲತರಾಯ. ಆ ವರ್ಷ ಹೊಸ ನಿಯಮ ಬಂದಿತ್ತು, ಅನುಮತಿ ಕೊಡುವ ಮೊದಲು ಊರಿಗೆ ಬಂದು ಜನರ ಅಹವಾಲು ಕೇಳಬೇಕು. ನಾನು ವಾರಗಟ್ಟಲೆ ಓಣಿ ಓಣಿ ತಿರುಗಿ ಯಾರು ಏನು ಮಾತಾಡಬೇಕು ಅಂತ ಹೇಳಿಕೊಟ್ಟಿದ್ದೆ. ಬುರ್ಖಾದೊಳಗಿಂದ ಗಟ್ಟಿಯಾಗಿ ಮಾತಾಡುವುದನ್ನು ಮುಮತಾಜ ಮೂರು ಸಂಜೆ ನನ್ನ ಮುಂದೆ ಕಲಿತಿದ್ದಳು.

ಆದರೆ ನನ್ನ ಅಪ್ಪ ಜಗದೇವಪ್ಪ ಊರ ಹಿರಿಯ. ಅವನಿಗೊಂದು ಪದ್ಧತಿ, ಅವನಿಗಷ್ಟೇ ಏಕೆ, ನಮ್ಮ ಇಡೀ ಸೀಮೆಗೇ ಅದು ಪದ್ಧತಿ. ಬಂದವರು ಶತ್ರುವೇ ಇರಲಿ, ಮೊದಲು ಉಣ್ಣಬೇಕು. ಹಸಿದವರ ಕೂಡ ಜಗಳ ಆಡಬಾರದು. ಊಟ ಆಗಲಿ, ಎಲೆ ಅಡಿಕೆ ಆಗಲಿ, ಆಮೇಲೆ ಕುಂತು ಬಾಯಿಗೆ ಬಂದದ್ದು ಬೈಯಿರಿ, ಯಾರೂ ಬೇಡ ಅನ್ನುವುದಿಲ್ಲ.

"ಅಪ್ಪಾ, ಮೊದಲ ಮಾತು ಮುಗೀಲಿ" ಅಂದೆ.

"ಹುಚ್ಚಿ, ದೂರದಿಂದ ಬಂದಾರ. ಬರಿಹೊಟ್ಟಿಲೆ ಕೂಡಿಸಿ ಬೈಲೇನು? ಮಂದಿ ಏನಂದಾರು?"

ಗುಡಿಯ ಅಂಗಳದಲ್ಲಿ ಪಂಕ್ತಿ ಬಿತ್ತು. ಗೋಧಿ ಹುಗ್ಗಿ, ಎಣ್ಣೆಗಾಯಿ ಬದನೆ, ಬಿಸಿ ರೊಟ್ಟಿ, ಶೇಂಗಾ ಹಿಂಡಿ. ಸಾಹೇಬರಿಗೆ ಅಪ್ಪ ಶಾಲು ಹೊದಿಸಿದ, ತೆಂಗಿನಕಾಯಿ ಕೊಟ್ಟ, ಹಲಗೆ ಬಾರಿಸಿದರು. ಕಂಪನಿಯವರ ಫೋಟೊಗ್ರಾಫರು ಒಂದೇ ಸಮನೆ ಫೋಟೊ ಹೊಡೆದ. ಸಾಹೇಬರು ಎರಡೆರಡು ಸಲ ಹುಗ್ಗಿ ಹಾಕಿಸಿಕೊಂಡರು. ಕೈ ತೊಳೆದರು. ಎಲೆ ಬಾಯಿಗೆ ಹಾಕಿಕೊಂಡರು.

"ಭಾಳ ಛಲೋ ಆತ್ರಿ ಗೌಡ್ರ. ಹೊತ್ತಾಗೇದ, ಜೇವರ್ಗಿಗೆ ಹೋಗೂದದ, ಬರ್ತೇವಿ" ಅಂದು ಜೀಪು ಹತ್ತಿಬಿಟ್ಟರು.

ಅಪ್ಪ ಕೈಮುಗಿದುಕೊಂಡೇ ನಿಂತಿದ್ದ. ಅವನಿಗೆ ಅರ್ಥವೇ ಆಗಲಿಲ್ಲ. ಮುಮತಾಜ ಮಾತಾಡಲೆಂದು ಎದ್ದು ನಿಂತವಳು ಜೀಪಿನ ಧೂಳು ನೋಡುತ್ತ ನಿಂತಳು. ನಾನು ಓಡಿದೆ. ಜೀಪಿನ ಹಿಂದಿನ ಸೀಟಿನಲ್ಲಿ ದೌಲತರಾಯ ಕುಂತಿದ್ದ. ನನ್ನನ್ನು ನೋಡಿದ. ಬಾಯಿ ತೆರೆದ. ಮುಚ್ಚಿದ. ಜೀಪು ಹೋಯಿತು.

ಮರುದಿನ ಅಫಜಲಪುರ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ನಾಗಣ್ಣನ ಚಹದಂಗಡಿಯ ಮುಂದೆ ಕಪ್ಪು ಹಿಡಿದು ನಿಂತಿದ್ದ. ನಾನು ಬಸ್ಸಿನ ಕಿಟಕಿಯಿಂದ ಕಂಡವಳು ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿದೆ.

"ಉಂಡು ಎದ್ದು ಹೋದಿ! ನಾಚಿಕಿ ಇಲ್ಲೇನು ನಿನಗ? ಮಂದಿ ಮಾತಾಡಾಕಂತ ಕುಂತಾರ ಅಂತ ನಿನಗ ಗೊತ್ತಿತ್ತು. ಒಂದ ಮಾತು ಅನ್ನಾಕ ಏನಾಗಿತ್ತು? ನಮ್ಮ ಹುಗ್ಗಿ ಗಂಟಲದಾಗ ಸಿಕ್ಕಿತ್ತೇನು?"

ಅಷ್ಟೇ ಅಲ್ಲ, ಇನ್ನೂ ಬಹಳ ಬೈದೆ. ಇಲ್ಲಿ ಬರೆಯುವಂಥದ್ದಲ್ಲ. ಬಸ್ ಸ್ಟ್ಯಾಂಡಿಗೆ ಬಸ್ ಸ್ಟ್ಯಾಂಡೇ ನಿಂತು ಕೇಳಿತು. ಕಂಡಕ್ಟರು ಸೀಟಿ ಊದುವುದನ್ನು ಮರೆತ. ದೌಲತರಾಯನ ಕೈಯ ಕಪ್ಪಿನ ಚಹ ಆರಿಹೋಯಿತು. ಆವತ್ತೇ ಕೊನೆ. ಆಮೇಲೆ ಅವನು ಬರೆದ ಕಾಗದಗಳನ್ನು ಒಡೆಯದೆ ವಾಪಸು ಕಳಿಸಿದೆ.

ಹೋಳಿ ಹುಣ್ಣಿಮೆಯ ಹೊತ್ತಿಗೆ ಅನುಮತಿ ಬಂತು. ಅದರಲ್ಲಿ ಬರೆದದ್ದು: ಊರಿನ ಜನರು ಯೋಜನೆಯನ್ನು ಹರ್ಷದಿಂದ ಸ್ವಾಗತಿಸಿದರು, ಯಾರದೂ ಆಕ್ಷೇಪಣೆ ಇಲ್ಲ. ಜೊತೆಗೆ ಫೋಟೊ. ಅಪ್ಪ ಶಾಲು ಹೊದಿಸುವುದು, ಹೆಂಗಸರು ನಗುನಗುತ್ತ ಬಡಿಸುವುದು. ಪ್ರವಾಹದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಮಾತು ರಿಪೋರ್ಟಿನಲ್ಲಿ ಎಲ್ಲಿಯೂ ಇರಲಿಲ್ಲ.

ಅಪ್ಪ ಆ ಫೋಟೊ ತಿರುವಿ ತಿರುವಿ ನೋಡಿದ. "ನಂದೇ ತಪ್ಪೇನವ್ವಾ? ಉಣ್ಣಾಕ ಹಾಕಿದ್ದು ತಪ್ಪಾತೇನು?" ಅಂದ. ಊಟ ಹಾಕಿದವನು ತಪ್ಪಿತಸ್ಥ, ಉಂಡು ಮೋಸ ಮಾಡಿದವರು ಸಾಹೇಬರು! ನಾನು ಬರೆಯಲು ಕುಂತೆ. ದೇವೀಂದ್ರಪ್ಪ ವಕೀಲರು ತಿದ್ದಿದರು. ಅನುಮತಿಯನ್ನು ರದ್ದು ಮಾಡಿ ಅಂತ ಬೆಂಗಳೂರಿನ ಹೈಕೋರ್ಟಿಗೆ ಹೋದೆವು. ನ್ಯಾಯಮೂರ್ತಿಗಳು ಎರಡೂ ಕಡೆಯವರ ಮಾತು ಕೇಳಿ, ಆವತ್ತು ಊರಿನಲ್ಲಿ ಜನರಿಗೆ ಮಾತಾಡಲು ಬಿಟ್ಟಿದ್ದರೋ ಇಲ್ಲವೋ, ಗುಲ್ಬರ್ಗಾದ ಜಿಲ್ಲಾ ನ್ಯಾಯಾಧೀಶರು ಸಾಕ್ಷಿ ಕೇಳಿ ವರದಿ ಕೊಡಲಿ ಅಂದರು. ಕೆಲಸಕ್ಕೆ ತಡೆ ಮಾತ್ರ ಸಿಗಲಿಲ್ಲ. ಇತ್ತ ಹೊಳೆಯ ಅಂಚಿನಲ್ಲಿ ಟಿಪ್ಪರುಗಳು ಮುರುಂ ಸುರಿಯಲು ಶುರು ಮಾಡಿಯೇ ಬಿಟ್ಟಿದ್ದವು. ಮಳೆಗಾಲ ಹತ್ತಿರ ಬರುತ್ತಿತ್ತು.

ಈಗ ಆ ವರಾಂಡಕ್ಕೆ ಬನ್ನಿ.

ನನ್ನ ಮುಂದೆ ನಿಂತ ದೌಲತರಾಯ ಮೆಲ್ಲಗೆ ಹೇಳಿದ: "ನಾ ಬರದದ್ದು ತಗದು ಒಗದ್ರು. ಕೇಳಿದ್ರ, ನೌಕರಿ ಬೇಕೋ ಬ್ಯಾಡೋ ಅಂದ್ರು. ಅಂಜಿದೆ, ಮಹಾನಂದಾ. ಅದಕ್ಕ ಬ್ಯಾರೆ ಹೆಸರಿಲ್ಲ."

"ಈಗ ಅಂಜಿಕಿ ಎಲ್ಲಿ ಹೋತು?"

"ಇಲ್ಲೇ ಅದ. ಕಾಲು ನಡಗಾಕತ್ತಾವ ನೋಡು."

ನೋಡಿದೆ. ಇಸ್ತ್ರಿ ಪ್ಯಾಂಟಿನೊಳಗೆ ಮೊಣಕಾಲು ನಿಜಕ್ಕೂ ನಡುಗುತ್ತಿದ್ದವು. ಅಯ್ಯೋ ಅನ್ನಿಸಿತು. ಅನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

"ಕೇಳಿಲ್ಲಿ. ನೀ ಖರೇ ಹೇಳಿದ್ರ ಅವರು ನಮ್ಮಿಬ್ಬರ ಸುದ್ದಿ ಎತ್ತತಾರ. ಆಕಿ ಸಲುವಾಗಿ ತಿರುಗಿಬಿದ್ದ ಅಂತಾರ. ನಿನ್ನ ಮಾತು ನೀರಾಗ ಹೋಗ್ತದ, ಊರೂ ಹೋಗ್ತದ. ಕೇಳಿದ್ರ ಏನೂ ಇಲ್ಲ ಅನ್ನು."

"ಆಣಿ ಮಾಡಿ ಸುಳ್ಳ ಹೇಳ್ಲೇನು?"

"ಸುಳ್ಳೆಲ್ಲಿ ಬಂತು? ನನ್ನ ಕಡಿಂದ ಏನೂ ಇಲ್ಲ."

ಅವನು ನನ್ನ ಮುಖವನ್ನೇ ನೋಡಿದ. ಆ ನೋಟಕ್ಕೆ ನಾನು ಬೇರೆ ಕಡೆ ತಿರುಗಿಕೊಂಡೆ. ಅಷ್ಟರಲ್ಲಿ ಜವಾನ ಅವನ ಹೆಸರು ಕೂಗಿದ.

ಕಂಪನಿಯ ವಕೀಲರು ತಮ್ಮದೇ ಸಾಕ್ಷಿ ಎಂಬ ಧೈರ್ಯದಲ್ಲಿ ಕೇಳಿದರು, "ಆ ದಿನ ಜನ ಸಂತೋಷದಿಂದ ಸ್ವಾಗತ ಮಾಡಿದರಲ್ಲವೇ?"

"ಸ್ವಾಗತ ಮಾಡಿದ್ರು. ಉಣ್ಣಾಕ ಹಾಕಿದ್ರು. ಉಂಡ ಮ್ಯಾಲೆ ಮಾತಾಡಬೇಕಂತ ಕುಂತಿದ್ರು. ನಾವು ಉಂಡು ಎದ್ದು ಬಂದ್ವಿ. ಯಾರಿಗೂ ಒಂದ ಮಾತು ಆಡಾಕ ಬಿಡಲಿಲ್ರಿ."

ಹಿಂದಿನ ಬೆಂಚಿನಲ್ಲಿ ಕುಂತಿದ್ದ ಅಪ್ಪ ತಲೆ ಎತ್ತಿದ. ಕಂಪನಿಯ ವಕೀಲರ ಮುಖ ಕೆಂಪಾಯಿತು. ಸಾಕ್ಷಿ ತಿರುಗಿಬಿದ್ದಿದ್ದಾನೆ, ಪಾಟಿ ಸವಾಲಿಗೆ ಅಪ್ಪಣೆ ಬೇಕು ಅಂದರು. ಅಪ್ಪಣೆ ಸಿಕ್ಕಿತು. ಅವರು ನನ್ನ ಕಡೆ ಬೆರಳು ಮಾಡಿದರು.

"ಈ ಹೆಣ್ಣುಮಗಳ ಜೊತೆ ನಿಮ್ಮ ಸಂಬಂಧ ಏನು?"

ನಾನು ಮೇಜಿನ ಅಂಚು ಗಟ್ಟಿಯಾಗಿ ಹಿಡಿದೆ. ಏನೂ ಇಲ್ಲ ಅನ್ನು. ಅನ್ನೋ ಮೂಢಾ.

"ಸಂಬಂಧ ಅಂದ್ರ ಏನಿಲ್ರಿ," ಅಂದ ದೌಲತರಾಯ. ನನ್ನ ಉಸಿರು ಕೆಳಗಿಳಿಯಿತು. "ಆದ್ರ ನಾ ಆಕಿನ್ನ ಪ್ರೀತಿ ಮಾಡ್ತೇನಿ."

ಯಾರೋ ನಕ್ಕರು. ಗುಮಾಸ್ತರು ಟೈಪ್ ಮಾಡುವುದನ್ನು ನಿಲ್ಲಿಸಿ, ಇದನ್ನೂ ಹೊಡೆಯಬೇಕೇ ಅನ್ನುವ ಹಾಗೆ ನ್ಯಾಯಾಧೀಶರ ಕಡೆ ನೋಡಿದರು. ನನಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಮೊದಲು ಅವನನ್ನು, ಆಮೇಲೆ ನನ್ನನ್ನು.

"ಅಂದರೆ ಆಕೆಯನ್ನು ಒಲಿಸಿಕೊಳ್ಳಲು ಹೀಗೆ ಹೇಳುತ್ತಿದ್ದೀರಿ."

"ಇಲ್ರಿ. ಆಕಿ ಸಿಟ್ಟಿಗಿ ಬಂದದ್ದು ಕೇಸು ಹಾಕಿದ ಮ್ಯಾಲೆ ಅಲ್ಲ. ಅವರು ಉಣ್ಣಾಕ ಹಾಕಿದ ಮರುದಿನಾನೇ ಅಫಜಲಪುರ ಬಸ್ ಸ್ಟ್ಯಾಂಡಿನ್ಯಾಗ ನನ್ನ ಮರ್ಯಾದಿ ತಗದಾಳ. ಉಂಡು ಎದ್ದು ಹೋದಿ, ಮಂದಿಗೆ ಮಾತಾಡಾಕ ಬಿಡಲಿಲ್ಲ ಅಂತ ಬೈದಾಳ. ಆಗ ಅನುಮತಿನೂ ಇರಲಿಲ್ಲ, ಕೋರ್ಟೂ ಇರಲಿಲ್ಲ. ಅಲ್ಲಿ ಎಲ್ಲರೂ ಖುಷಿಲೆ ಒಪ್ಪಿದ್ದು ಖರೇ ಇದ್ರ, ಆಕಿ ಯಾಕ ಹಂಗ ಬೈತಿದ್ಲು? ಆವತ್ತಿನಿಂದ ನನ್ನ ಕೂಡ ಮಾತು ಬಿಟ್ಟಾಳ್ರಿ. ಆರು ತಿಂಗಳ ಆತು, ನಾ ಬರದ ಕಾಗದ ಸೈತ ಒಡದು ನೋಡಿಲ್ಲ."

ಈ ಸಲ ಯಾರೂ ನಗಲಿಲ್ಲ.

ನ್ಯಾಯಾಧೀಶರು ಕನ್ನಡಕ ಸರಿಪಡಿಸಿಕೊಂಡರು. "ಆ ಜಗಳ ಕಂಡವರು ಯಾರಾದರೂ ಇದ್ದಾರೆಯೇ?"

ಹಿಂದಿನಿಂದ ಒಂದು ಕೈ ಎದ್ದಿತು. ಆಮೇಲೆ ಇನ್ನೊಂದು. ಅಫಜಲಪುರದಿಂದ ಕೇಸು ನೋಡಲು ಬಂದವರೆಲ್ಲ ಕೈ ಎತ್ತಿಬಿಟ್ಟರು. ಚಹದಂಗಡಿಯ ನಾಗಣ್ಣ ಕಟಕಟೆ ಹತ್ತಿ, ನಾನು ಆವತ್ತು ಬೈದದ್ದನ್ನೆಲ್ಲ ಒಂದಕ್ಷರ ಬಿಡದೆ ಹೇಳಿದ. ನಾನು ಇಲ್ಲಿ ಬರೆಯುವುದಿಲ್ಲ ಅಂದದ್ದನ್ನೂ ಹೇಳಿದ. ಗುಮಾಸ್ತರು ಎಲ್ಲವನ್ನೂ ಟೈಪ್ ಮಾಡಿದರು.

ಹೊರಗೆ ಬಂದ ಮೇಲೆ ದೇವೀಂದ್ರಪ್ಪ ವಕೀಲರು ನನ್ನನ್ನು ಬೇವಿನ ಮರದ ಕೆಳಗೆ ಕರೆದರು. "ತಂಗಿ, ಇನ್ನ ನೀ ಈ ಕೇಸಿನ್ಯಾಗ ನಿಲ್ಲೂದು ಬರೋಬ್ಬರಿ ಅಲ್ಲ. ನಿನ್ನ ಸಿಟ್ಟೇ ಸಾಕ್ಷಿ ಆಗೇದ. ಸಾಕ್ಷಿ ವಕೀಲಕಿ ಮಾಡಬಾರದು."

"ಸರ್, ಅದು ನನ್ನ ಕೇಸು! ಒಂದೊಂದ ಅಕ್ಷರ ನಾ ಬರದದ್ದು!"

"ಗೊತ್ತದ ಬೇ. ಅದಕ್ಕಂತನೇ ಹೇಳಾಕತ್ತೇನಿ. ಕೇಸು ಬೇಕೋ, ಹೆಸರು ಬೇಕೋ?"

ವಕಾಲತ್ತಿನಿಂದ ಹೆಸರು ತೆಗೆಸಿದೆ. ಕೋಟು ಮಡಚಿ ಚೀಲಕ್ಕೆ ಹಾಕುವಾಗ ಕಣ್ಣಲ್ಲಿ ನೀರು ಬಂತು, ಸಿಟ್ಟಿನ ನೀರು. ದೌಲತರಾಯ ದೂರದಲ್ಲಿ ನಿಂತಿದ್ದ. ಅವನ ಸಂಸ್ಥೆಯವರು ಅಲ್ಲೇ ವರಾಂಡದಲ್ಲಿ ನಾಳೆಯಿಂದ ಬರಬೇಡ ಅಂದಿದ್ದರು. ನನ್ನ ಕಡೆ ಒಂದು ಹೆಜ್ಜೆ ಇಟ್ಟ. ನಾನು ತಿರುಗಿ ನೋಡದೆ ಬಸ್ಸು ಹತ್ತಿದೆ.

ಜೂನ್ ಮಳೆ ಬೀಳುವ ಮೊದಲೇ ಜಿಲ್ಲಾ ನ್ಯಾಯಾಧೀಶರು ವರದಿ ಕಳಿಸಿದರು. ಆ ದಿನ ನಡೆದದ್ದು ಊಟ, ವಿಚಾರಣೆಯಲ್ಲ ಅಂತ ಬರೆದಿದ್ದರು. ಜುಲೈಯಲ್ಲಿ ಹೈಕೋರ್ಟು ಅನುಮತಿ ರದ್ದು ಮಾಡಿತು. ಸುರಿದ ಮುರುಂ ಅನ್ನು ಕಂಪನಿಯೇ ತೆಗೆಯಬೇಕು ಅಂತಲೂ ಆಯಿತು. ಆವತ್ತು ಸಂಜೆ ಮುಮತಾಜ ಹೊಳೆಯ ದಂಡೆಗೆ ಹೋಗಿ, ವಾಪಸು ಹೋಗುವ ಟಿಪ್ಪರುಗಳಿಗೆ ಬಾಯಿ ತುಂಬ ಬೈದಳು. ಮೂರು ಸಂಜೆ ಕಲಿತದ್ದು ಒಂದೂ ಬಿಡಲಿಲ್ಲ. ಅಪ್ಪ ಬಹಳ ದಿನದ ಮೇಲೆ ಗಟ್ಟಿಯಾಗಿ ನಕ್ಕ.

ನಾನು ಮಾತ್ರ ನಗಲಿಲ್ಲ. ಊರು ಉಳಿಯಿತು, ನನ್ನ ಕೇಸು ಹೋಯಿತು, ನನ್ನ ಬೈಗುಳ ಗುಲ್ಬರ್ಗಾ ಕೋರ್ಟಿನ ಕಡತ ಸೇರಿತು. ಇಷ್ಟೆಲ್ಲ ಮಾಡಿದವನು ಹಿರೋಳ್ಳಿಯಲ್ಲಿ ಹಾಯಾಗಿದ್ದಾನೆ. ನಾಲ್ಕು ದಿನ ಕಾದು, ಐದನೆಯ ದಿನ ಬೆಳಿಗ್ಗೆ ಎದ್ದವಳೇ ಆಳಂದದ ಬಸ್ಸು ಹಿಡಿದೆ, ಅಲ್ಲಿಂದ ಹಿರೋಳ್ಳಿಗೆ ಟೆಂಪೊ. ದಾರಿಯುದ್ದಕ್ಕೂ ಏನೇನು ಬೈಯಬೇಕು ಅಂತ ಜೋಡಿಸಿಕೊಂಡೇ ಹೋದೆ.

ಅವನು ಹೊಲದಲ್ಲಿ ತೊಗರಿಯ ಸಾಲಿನಲ್ಲಿ ಕಳೆ ತೆಗೆಯುತ್ತಿದ್ದ. ಅಂಗಿ ಮಾಸಿತ್ತು, ಕ್ರಾಪು ಕೆದರಿತ್ತು. ಆಚೆ ಸಾಲಿನಲ್ಲಿ ಅವನ ತಾಯಿ ಹೀರಾಬಾಯಿ. ನನ್ನನ್ನು ಕಂಡವನೇ ಎದ್ದು ನಿಂತ. ಕೈಯಲ್ಲಿನ ಕುರ್ಪಿ ಕೆಳಗೆ ಬಿತ್ತು.

"ಕೇಸು ಗೆದ್ವಿ," ಅಂದೆ.

"ಪೇಪರಿನ್ಯಾಗ ನೋಡಿದೆ."

"ನೋಡಿ ಇಲ್ಲೇ ಕುಂತಿ? ಬಂದು ಒಂದ ಮಾತು ಹೇಳಾಕ ಆಗಲಿಲ್ಲ?"

"ನೀನು ಮಾತಾಡಬ್ಯಾಡ ಅಂದಿದ್ದಿ."

"ನಾ ಹೇಳಿದ್ದೆಲ್ಲ ಕೇಳ್ತಿ ಏನು? ಏನೂ ಇಲ್ಲ ಅನ್ನು ಅಂದ್ರ ಕೇಳಿದಿ? ತುಂಬಿದ ಕೋರ್ಟಿನ್ಯಾಗ ಜಡ್ಜ್ ಸಾಹೇಬ್ರ ಮುಂದ ಪ್ರೀತಿ ಅಂದಿ. ನನಗ ಹೇಳೂಕಿಂತ ಮೊದಲ ಟೈಪ್ ಮಾಡಾಕ ಕೊಟ್ಟಿ! ಯಾರರ ಹಿಂಗ ಮಾಡ್ತಾರೇನು?"

"ಸಿಟ್ಟು ಇನ್ನಾ ಇಳದಿಲ್ಲೇನು?" ಅಂದ. ಎಡಗಣ್ಣಿನ ಅಂಚು ಅಲುಗಿತು.

"ಇಳದಿಲ್ಲ. ಇಳಿಯೂದೂ ಇಲ್ಲ. ನೀ ಅಂಜಿದ್ದು ನಾ ಮರಿಯಾಂಗಿಲ್ಲ. ಕಟಕಟ್ಟಿಯಾಗ ನಡಗಕೋಂತ ನಿಂತು ಖರೇ ಹೇಳಿದ್ದೂ ಮರಿಯಾಂಗಿಲ್ಲ. ಈ ಸಿಟ್ಟಿನ ಕೂಡನೇ ನೀ ಜಲಮ ಪೂರ್ತಿ ಸಂಸಾರ ಮಾಡಬೇಕಾಗ್ತದ. ನಾ ನಿನ್ನ ಲಗ್ನ ಆಗ್ಬೇಕಂತೇನಿ. ಹೋದ ವರ್ಷದ ಬ್ಯಾಸಗಿನ್ಯಾಗೇ ತೀರ್ಮಾನ ಮಾಡೀನಿ. ಒಪ್ಪಿಗಿ ಅದ ಏನು?"

ಅವನು ನಿಂತಲ್ಲೇ ನಿಂತ. ಬಾಯಿ ತೆರೆದ, ಮುಚ್ಚಿದ. ಕಣ್ಣು ತುಂಬಿತ್ತು.

ನನಗೆ ಮತ್ತೆ ಸಿಟ್ಟು ನೆತ್ತಿಗೇರಿತು. "ಬಾಯಿ ಬಿಟ್ಟು ಹೇಳೋ! ಸುಮ್ಮ ನಿಂತ್ರ ಒಪ್ಪಿಗಿ ಅಂತ ಬರಕೊಳ್ಳಾಕ ನಾ ಏನು ನಿಮ್ಮ ಸಾಹೇಬ್ರ ಅಲ್ಲ!"

"ಅದ!" ಅಂತ ಒದರಿದ ದೌಲತರಾಯ. "ಒಪ್ಪಿಗಿ ಅದ! ಅದ! ಅದ!"

ತೊಗರಿಯಲ್ಲಿದ್ದ ಬೆಳ್ಳಕ್ಕಿಗಳು ಎದ್ದು ಹಾರಿದವು. ಆಚೆ ಸಾಲಿನಿಂದ ಹೀರಾಬಾಯಿ ಸೊಂಟದ ಮೇಲೆ ಕೈಯಿಟ್ಟು ಎದ್ದು ನಿಂತರು.

"ಯಾಕೋ ಹಂಗ ಒದರಾಕತ್ತಿ? ಯಾರದು ಆ ಹುಡುಗಿ?"

"ಅದನ್ನೂ ಜೋರಾಗೇ ಹೇಳು," ಅಂದೆ ನಾನು.